ಟ್ಯೂಬಿಂಗೆನ್ನಿಗೆ ರೊಟ್ಟಿ ಗಂಟು

ನವಲಗುಂದ ತಾಲೂಕಿನ ಗಂಡಸಿಗೆ ಮೊದಲ ವಿದೇಶ ಕಲಘಟಗಿ. ಎರಡೂ ಧಾರವಾಡ ಜಿಲ್ಲೆಯೊಳಗೇ ಇವೆ, ನಡುವೆ ಹುಬ್ಬಳ್ಳಿ ಅಡ್ಡ ಮಲಗಿದೆ ಅಷ್ಟೇ. ಆದರೆ ನಮ್ಮದು ಎರೆಹೊಲ. ಕಣ್ಣು ಹಾಯುವಷ್ಟು ದೂರ ಜೋಳ, ಕಡಲೆ, ಹೆಸರು, ಹತ್ತಿ; ನೆರಳು ಬೇಕೆಂದರೆ ಎತ್ತಿನ ಹೊಟ್ಟೆಯ ಕೆಳಗೆ ಕೂಡಬೇಕು. ಅವರದು ಅರೆಮಲೆನಾಡು, ಭತ್ತದ ಗದ್ದೆ, ಮಾವಿನ ತೋಪು. ನಮ್ಮಲ್ಲಿ ರೊಟ್ಟಿ ಮುಗಿದ ಮೇಲೆ ಶಾಸ್ತ್ರಕ್ಕೊಂದು ಹಿಡಿ ಅನ್ನ. ಅಲ್ಲಿ ಅನ್ನ ಬರುವವರೆಗೆ ಊಟ ಶುರುವಾದ ಲೆಕ್ಕವಿಲ್ಲ.

ಇದು ಗೊತ್ತಿಲ್ಲದೆ ನಾನು ಕಲಘಟಗಿ ಕಡೆಯ ಹೆಣ್ಣು ತಂದೆ. ಮದುವೆಯ ಹೊಸದರಲ್ಲಿ ಅವ್ವ ಬೀಗರಿಗೆಂದು ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ ಎಲ್ಲವನ್ನೂ ದೊಡ್ಡ ಗಂಟು ಕಟ್ಟಿ ನನ್ನ ಹೆಗಲಿಗೇರಿಸಿದಳು. ಮಾವನವರು ಎರಡೂ ಕೈಯಿಂದ ಗಂಟು ಇಸಿದುಕೊಂಡು ಕಣ್ಣಿಗೊತ್ತಿಕೊಂಡರು. ಮರುದಿನ ಮುಂಜಾನೆ ಹಿತ್ತಲಿಗೆ ಹೋದರೆ ಅವರ ಎಮ್ಮೆ ನಮ್ಮ ಅವ್ವನ ರೊಟ್ಟಿಯನ್ನು ಕರುಕುರು ಅಗಿಯುತ್ತಿತ್ತು. ಮಾವನವರು ನನ್ನ ಮುಖ ನೋಡಿ ಸಂಕೋಚದಿಂದ ಅಂದರು: “ಹಾಲು ಭಾಳ ಗಟ್ಟಿ ಆಗ್ಯಾವ ನೋಡ್ರಿ ಅಳಿಯಂದಿರ.”

ಇಂಥ ಅನುಭವ ಆದವನು ರಫ್ತಿನ ಸುದ್ದಿಗೇ ಹೋಗಬಾರದು. ಆದರೆ ನಾನು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತನಾದವನು. ನಿವೃತ್ತ ಇತಿಹಾಸ ಮಾಸ್ತರನಿಗೆ ವರ್ತಮಾನದಲ್ಲಿ ಮಾಡಲು ಕೆಲಸವಿರುವುದಿಲ್ಲ. ಅಷ್ಟರಲ್ಲಿ ನಮ್ಮ ಮಗಳ ಗಂಡನಿಗೆ ಜರ್ಮನಿಯ ಟ್ಯೂಬಿಂಗೆನ್ನಿನಲ್ಲಿ ನೌಕರಿ ಸಿಕ್ಕಿತು. ನಾನು ಓಣಿಗೆಲ್ಲ ಪೇಡೆ ಹಂಚಿದೆ. ನೌಕರಿಗಲ್ಲ, ಊರಿನ ಹೆಸರಿಗೆ. ನಮ್ಮ ಕಿಟೆಲ್ ಸಾಹೇಬರು ಕಡೆಗಾಲ ಕಳೆದು 1903ರಲ್ಲಿ ಮಣ್ಣಾದ ಊರು ಅದು! 1853ರಲ್ಲಿ ಬಾಸೆಲ್ ಮಿಶನ್ನಿನಿಂದ ಬಂದ ಪುಣ್ಯಾತ್ಮ ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿ ಅಚ್ಚು ಹಾಕಿಸಿ, 1894ರಲ್ಲಿ ಸುಮಾರು 70,000 ಶಬ್ದಗಳ ನಿಘಂಟನ್ನು ನಮ್ಮ ಕೈಗಿಟ್ಟರು. ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅದಕ್ಕೆ ಡಾಕ್ಟರೇಟ್ ಕೊಟ್ಟಿತು. ಅವರು ತಂದ ಮಾಲು ಕ್ರಿಸ್ತನ ಸಂದೇಶ. ಅದನ್ನು ಕೊಂಡವರಿಗಿಂತ ನಿಘಂಟನ್ನು ಕೊಂಡವರೇ ಹೆಚ್ಚು. ಗಿರಾಕಿಯ ಅಡುಗೆಮನೆಯ ಸಾಮಾನಿನ ಹೆಸರನ್ನೂ ಬಿಡದೆ ಬರೆದುಕೊಂಡ ವ್ಯಾಪಾರಿ ಇನ್ನೊಬ್ಬನಿಲ್ಲ.

ಕಿಟೆಲ್ಲರ ಋಣ ತೀರಿಸಲು ನಾನೂ ಜರ್ಮನ್ ಕಲಿಯಲು ಕುಳಿತೆ. ‘ಗೂಟೆನ್ ಮೊರ್ಗೆನ್’ ತನಕ ಚೆನ್ನಾಗಿ ಹೋಯಿತು. ಮುಂದಿನ ಪಾಠ ಮಧ್ಯಾಹ್ನದ ನಮಸ್ಕಾರ. ಆ ಹೊತ್ತಿನಲ್ಲಿ ನನಗೆ ನಿದ್ದೆ.

ರಫ್ತುದಾರನಾಗುವುದು ಸಲೀಸು. ಐಇಸಿ ಎಂಬ ನಂಬರು ಬೇಕು, ಶುಲ್ಕ 500 ರೂಪಾಯಿ, ಪ್ಯಾನ್ ಕಾರ್ಡಿನ ನಂಬರೇ ಈಗ ಆ ನಂಬರು. ಜಗತ್ತಿಗೆಲ್ಲ ಮಾರುವ ಪರವಾನಗಿ ಇಷ್ಟು ಸೋವಿ ಎಂದು ನನಗೇ ಅನುಮಾನ ಬಂದು, ತೂಕಕ್ಕಿರಲಿ ಎಂದು ಬಾಗಿಲ ಮೇಲೆ ‘ಎಕ್ಸ್‌ಪೋರ್ಟ್ಸ್’ ಎಂಬ ಬೋರ್ಡು ಬರೆಸಿದೆ. ಅದಕ್ಕೆ ಐಇಸಿಯ ಎಷ್ಟೋ ಪಟ್ಟು ಖರ್ಚಾಯಿತು. ಹೆಂಡತಿ ಕೆಳಗೆ ನಿಂತು ಓದಿ, “ಮಾಲು ಯಾವುದ್ರೀ?” ಎಂದಳು.

ಅದನ್ನು ಗೊತ್ತುಮಾಡಲು ಪಡಸಾಲೆಯಲ್ಲಿ ಸಭೆ ಕರೆದೆ. ಮೊದಲು ಪೇಡೆ. ಧಾರವಾಡದವನು ಬೇರೇನು ಯೋಚಿಸಿಯಾನು? ಮಗಳು ಫೋನಿನಲ್ಲೇ ತಡೆದಳು. ಹೊರದೇಶದಿಂದ ಬರುವವರ ಚೀಲದಲ್ಲಾಗಲಿ ಅಂಚೆಯಲ್ಲಾಗಲಿ ಹಾಲಿನ ಪದಾರ್ಥ, ಮಾಂಸದ ಪದಾರ್ಥ ಯುರೋಪಿನೊಳಗೆ ಬರುವಂತಿಲ್ಲ. ಅವ್ವನಿಗೆ ಕಾನೂನಿಗಿಂತ ಅದರ ವಾಕ್ಯರಚನೆ ನೋವು ಕೊಟ್ಟಿತು. “ಪೇಡೆನೂ ಕುರಿನೂ ಒಂದ ಸಾಲಿನ್ಯಾಗ ಕುಂದರಿಸ್ಯಾರೇನ?” ಎಂದು ಜಪಮಣಿ ಕೆಳಗಿಟ್ಟಳು.

ಆಮೇಲೆ ಶೇಂಗಾ ಚಟ್ನಿ. ಶೇಂಗಾದಲ್ಲಿ ಬೂಷ್ಟಿನಿಂದ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ನೇರ ತಿನ್ನುವ ಶೇಂಗಾದಲ್ಲಿ ಅದು ಕಿಲೋಕ್ಕೆ 4 ಮೈಕ್ರೋಗ್ರಾಂ ದಾಟಿದರೆ ಯುರೋಪಿಗೆ ಪ್ರವೇಶವಿಲ್ಲ. ದಾಟದಿದ್ದರೂ ಶೇಂಗಾ ಅಲ್ಲಿನ 14 ಅಲರ್ಜಿ ಪದಾರ್ಥಗಳ ಪಟ್ಟಿಯಲ್ಲಿದೆ, ಪೊಟ್ಟಣದ ಮೇಲೆ ಎದ್ದು ಕಾಣುವ ಅಕ್ಷರದಲ್ಲಿ ಬರೆಯಬೇಕು. ಎಳ್ಳೂ ಅದೇ ಪಟ್ಟಿಯಲ್ಲಿದೆ. ಅಲ್ಲದೆ 2020ರಲ್ಲಿ ಭಾರತದ ಎಳ್ಳಿನಲ್ಲಿ ಎಥಿಲೀನ್ ಆಕ್ಸೈಡ್ ಸಿಕ್ಕು ಯುರೋಪಿನ ತುಂಬ ಅಂಗಡಿಗಳಿಂದ ಮಾಲು ವಾಪಸು ತರಿಸಿದ್ದರು. ಸಜ್ಜಿ ರೊಟ್ಟಿಯ ಮುಖವೇ ಎಳ್ಳು. ಅವ್ವ ಎಲ್ಲ ಕೇಳಿಸಿಕೊಂಡು, “ಹಂಗಾರ ಆ ಮಂದಿ ತಿನ್ನೂದರ ಏನು?” ಎಂದಳು. ಮಾರುಕಟ್ಟೆ ಸಮೀಕ್ಷೆ ನಿಜಕ್ಕೂ ಶುರುವಾಗಬೇಕಾದದ್ದು ಈ ಪ್ರಶ್ನೆಯಿಂದ. ಅಧ್ಯಕ್ಷ ಸ್ಥಾನದಲ್ಲಿದ್ದ ನಾನು ಅದನ್ನು ಅಪ್ರಸ್ತುತವೆಂದು ತಳ್ಳಿಹಾಕಿದೆ.

ಮೆಣಸಿನಕಾಯಿ ನೋಡಿ ಬರೋಣವೆಂದು ಕುಂದಗೋಳಕ್ಕೆ ಹೋದೆ. ಅಲ್ಲಿ ದಾಯಾದಿಯೊಬ್ಬ ಬ್ಯಾಡಗಿ ತಳಿ ಬೆಳೆಯುತ್ತಾನೆ. 2011ರಲ್ಲಿ ಜಿಐ ಮಾನ್ಯತೆ ಸಿಕ್ಕ ಕಾಯಿ, ಮೈತುಂಬ ಸುಕ್ಕು, ಒಡಲಲ್ಲಿ ರಕ್ತದಂಥ ಬಣ್ಣ, ಖಾರ ಮಾತ್ರ ಮಿತ. “ಜಗತ್ತಿಗೆ ನಮ್ಮ ಖಾರ ತೋರಸೋಣು!” ಎಂದೆ. ಅವನು ಚಾ ಕುಡಿಯುತ್ತ ತಣ್ಣಗೆ, “ಜಗತ್ತಿಗೆ ಖಾರ ಬ್ಯಾಡಾಗೇತಿ ಅಣ್ಣಾ, ಬಣ್ಣ ಬೇಕಾಗೇತಿ” ಎಂದ. ಕಾಯಿಯಿಂದ ಓಲಿಯೋರೆಸಿನ್ ಎಂಬ ಎಣ್ಣೆ ತೆಗೆಯುತ್ತಾರೆ. ಅದು ತಿನಿಸುಗಳಿಗೆ ಬಣ್ಣವಾಗಿ ಹೋಗುತ್ತದೆ, ತುಟಿಗೆ ಹಚ್ಚುವ ಲಿಪ್‌ಸ್ಟಿಕ್ಕಿಗೂ ಹೋಗುತ್ತದೆ. ಯಾವ ದೇಶದ ಯಾವ ಸುಂದರಿಯ ತುಟಿಯ ಮೇಲೆ ಕುಂದಗೋಳದ ಯಾವ ಹೊಲ ಕುಳಿತಿದೆಯೋ, ಸ್ವತಃ ಅವಳಿಗೂ ತಿಳಿಯದು. ಮನೆಗೆ ಬಂದು ಇದನ್ನು ಕಾವ್ಯಮಯವಾಗಿ ವರ್ಣಿಸಿದೆ. “ಬರೂವಾಗ ಎರಡು ಕಿಲೋ ಕಾಯಿ ತರ್ರಿ ಅಂದಿದ್ನಲ್ಲ, ಎಲ್ಲಿ?” ಎಂದಳು ಹೆಂಡತಿ.

ಹಾಗೆ ನೋಡಿದರೆ ನಮ್ಮ ಎರೆನಾಡಿಗೆ ವಿದೇಶಿ ಮಾರುಕಟ್ಟೆ ಹೊಸದೇನಲ್ಲ. 1840ರ ದಶಕದಲ್ಲೇ ಇಂಗ್ಲಿಷರು ಅಮೆರಿಕದಿಂದ ಹತ್ತಿ ಬೀಜವನ್ನೂ ಅಲ್ಲಿನ ತೋಟಗಾರರನ್ನೂ ಧಾರವಾಡಕ್ಕೆ ಕರೆತಂದರು. ತೋಟಗಾರರು ಸೋತು ಹೋದರು, ಬೀಜ ನಿಂತಿತು. ‘ಧಾರವಾಡ ಅಮೆರಿಕನ್’ ಎಂಬ ಹತ್ತಿಗೆ ಲಿವರ್‌ಪೂಲಿನ ಪೇಟೆಯಲ್ಲಿ ಬೇರೆಯೇ ದರ ಕೂಗುತ್ತಿದ್ದರು. 1861ರಲ್ಲಿ ಅಮೆರಿಕದವರು ತಮ್ಮತಮ್ಮೊಳಗೆ ಹೊಡೆದಾಡತೊಡಗಿದಾಗ ಲ್ಯಾಂಕಶೈರಿನ ಗಿರಣಿಗಳು ಇತ್ತ ಮುಖ ಮಾಡಿದವು, ದರ ಆಕಾಶಕ್ಕೇರಿತು. ಅದರ ಹಿಂದೆಯೇ, 1863ರಲ್ಲಿ, ಮುಂಬಯಿ ಸರಕಾರ ಹತ್ತಿಯ ಕಲಬೆರಕೆ ತಡೆಯಲು ಕಾಯ್ದೆಯನ್ನೇ ತರಬೇಕಾಯಿತು. ತೂಕ ಬರಲೆಂದು ಅಂಡಿಗೆಯಲ್ಲಿ ಹತ್ತಿಕಾಳು, ಕಸ, ಮಣ್ಣು, ನೀರು ಎಲ್ಲವೂ ಸಮುದ್ರ ದಾಟುತ್ತಿದ್ದವು. ನನ್ನ ಮುತ್ತಜ್ಜನ ಅಪ್ಪ ಆ ಕಾಲದಲ್ಲಿ ಹತ್ತಿ ಮಾರಿ ಈ ಮನೆ ಕಟ್ಟಿಸಿದನೆಂದು ಪ್ರತೀತಿ. ಗೋಡೆ ಯಾಕೆ ಇಷ್ಟು ದಪ್ಪ ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ.

ಇತ್ತ ನಾನು ಇತಿಹಾಸದಲ್ಲಿ ಮುಳುಗಿರುವಾಗ ಅತ್ತ ಮಗಳು ರಫ್ತು ಶುರುಮಾಡಿಯೇ ಬಿಟ್ಟಿದ್ದಳು, ಅದೂ ಹೆದರಿಕೊಂಡು. ಒಂದು ರವಿವಾರ ಮುಂಜಾನೆ ಅವಳು ಅಡುಗೆಮನೆಯಲ್ಲಿ ಕುಟ್ಟಾಣಿಯಿಂದ ಶೇಂಗಾ ಕುಟ್ಟುತ್ತಿದ್ದಾಳೆ. ಜರ್ಮನಿಯಲ್ಲಿ ರವಿವಾರ ಅಂಗಡಿಗಳಿಗೂ ರಜೆ, ಸದ್ದಿಗೂ ರಜೆ. ಗೋಡೆಗೆ ಮೊಳೆ ಹೊಡೆದರೂ ನೆರೆಯವರು ಕೇಳುತ್ತಾರೆ. ಕೆಳಗಿನ ಮನೆಯ ಹಿರಿಯ ಹೆಂಗಸು ಮೇಲೆ ಬಂದು ಬಾಗಿಲು ತಟ್ಟಿದಳಂತೆ. ನಮ್ಮ ಹುಡುಗಿಗೆ ಗಾಬರಿ. ನವಲಗುಂದದ ಕಡೆಯವರಿಗೆ ಗಾಬರಿಯಾದರೆ ಕೈ ತಾನಾಗಿ ರೊಟ್ಟಿ ಡಬ್ಬಿಗೆ ಹೋಗುತ್ತದೆ. “ಒಳಗ ಬರ್ರಿ, ರೊಟ್ಟಿ ತಿನ್ರಿ” ಎಂದು ಜರ್ಮನ್ನಿನಲ್ಲಿ ಹೇಳಿದಳಂತೆ. ಬೈಯಲು ಬಂದವಳು ಕುಳಿತಳು, ತಿಂದಳು, ಇನ್ನೊಂದು ಕೇಳಿದಳು.

ಅವರಿಗೆ ಖಡಕ್ ರೊಟ್ಟಿ ಅಪರಿಚಿತವೇನಲ್ಲ. ಕ್ನೆಕೆಬ್ರೋಟ್ ಎಂದು ಅವರಲ್ಲೂ ಒಂದು ತೆಳ್ಳನೆಯ ಕುರುಕಲು ಬ್ರೆಡ್ಡಿದೆ, ಸಂಜೆ ಒಲೆ ಹಚ್ಚದೆ ಬೆಣ್ಣೆ, ಚೀಸ್ ಹಚ್ಚಿ ತಿನ್ನುತ್ತಾರೆ. ಆಕೆ ನಮ್ಮ ರೊಟ್ಟಿಗೂ ಅದೇ ಸಂಸ್ಕಾರ ಮಾಡಿದಳು. ಶೇಂಗಾ ಚಟ್ನಿಯನ್ನು ಚಮಚದ ತುದಿಯಲ್ಲಿ ಮುಟ್ಟಿ, ಕಣ್ಣೊರೆಸಿಕೊಂಡು, ದೂರ ಸರಿಸಿದಳು. ಮಗಳು ಸೌಜನ್ಯಕ್ಕೆ ನವಲಗುಂದದ ಜಮಖಾನವೊಂದನ್ನೂ ಕೊಟ್ಟಳು. ನಮ್ಮೂರ ಮುಸ್ಲಿಂ ಹೆಣ್ಣುಮಕ್ಕಳು ನಿಲುಮಗ್ಗದ ಮುಂದೆ ಕುಳಿತು ನೇಯ್ದ, ನವಿಲಿನ ಚಿತ್ರದ ಜಮಖಾನ. ಅದಕ್ಕೂ ಜಿಐ ಇದೆ. ಆಕೆ ಅದನ್ನು ಗೋಡೆಗೆ ತೂಗುಹಾಕಿ ಫೋಟೋ ಕಳಿಸಿದಳು. ಅವ್ವ ಮೊಬೈಲನ್ನು ಅಡ್ಡ ತಿರುಗಿಸಿ ನೋಡಿ, ಉದ್ದ ತಿರುಗಿಸಿ ನೋಡಿ, “ಗ್ವಾಡಿ ಮ್ಯಾಲ ಹೆಂಗ ಕುಂದರತಾರ?” ಎಂದಳು.

ನನಗೆ ತಡೆಯಲಾಗಲಿಲ್ಲ. ರೊಟ್ಟಿಗೆ ಚೀಸ್! ಸರಿಯಾಗಿ ತಿನ್ನುವುದನ್ನು ಕಲಿಸಲು ಒಂದು ಕೈಪಿಡಿ ಬರೆದೆ. ಅಣ್ಣಿಗೇರಿಯ ಪಂಪನಿಂದ ಶುರುಮಾಡಿ ಕುಂದಗೋಳದ ಸವಾಯಿ ಗಂಧರ್ವರ ಮೇಲೆ ಹಾದು ಎಣ್ಣೆಗಾಯಿ ಪಲ್ಯಕ್ಕೆ ಮುಟ್ಟುವ ಹೊತ್ತಿಗೆ ಅದು ಪ್ರಬಂಧದ ಗಾತ್ರವಾಗಿತ್ತು. ಮಗಳು ಓದಿ, “ಅಪ್ಪಾ, ಅಕಿ ಬೆಣ್ಣಿ ಹಚ್ಚಿ ತಿಂದಳು, ಮುಗೀತು” ಎಂದಳು. ಹೆಂಡತಿ ಅಷ್ಟಕ್ಕೆ ಬಿಡಲಿಲ್ಲ. “ಹುಬ್ಬಳ್ಳ್ಯಾಗ ನೀವು ಪಿಜ್ಜಾದ ಮ್ಯಾಲ ಶೇಂಗಾ ಹಿಂಡಿ ಉದುರಿಸಿಕೊಂಡು ತಿಂದ್ರಲ್ಲ, ಇಟಲಿಯವರು ಬಂದು ಕೇಳಿದ್ರೇನು? ನಿಮ್ಮ ಅವ್ವಾರ ರೊಟ್ಟಿನ ನಮ್ಮ ಎಮ್ಮಿ ತಿಂದಿದ್ದಕ್ಕ ನೀವು ಇನ್ನೂ ಸಿಟ್ಟಿನ್ಯಾಗ ಅದೀರಿ. ಅವತ್ತ ನಮ್ಮಪ್ಪಗ ಹಲ್ಲ ಇರಲಿಲ್ಲ, ಅದನ್ನ ಕೇಳಿದ್ರೇನು?”

ಇಷ್ಟು ವರ್ಷದ ಸಂಸಾರದಲ್ಲಿ ಈ ಹಲ್ಲಿನ ಸಂಗತಿ ನನಗೆ ತಿಳಿದದ್ದು ಅವತ್ತು.

ಅಲ್ಲಿಂದ ವಿದೇಶ ವ್ಯವಹಾರ ನನ್ನ ಕೈ ತಪ್ಪಿತು. ಕೆಳಮನೆಯಾಕೆಯ ಬ್ರೆಡ್ಡಿನ ಡಬ್ಬಿ ಚೌಕ, ನಮ್ಮ ರೊಟ್ಟಿ ದುಂಡು. ನಾನಾಗಿದ್ದರೆ ಡಬ್ಬಿ ಬದಲಿಸಲು ಪತ್ರ ಬರೆಯುತ್ತಿದ್ದೆ. ಹೆಂಡತಿ ಡಬ್ಬಿಯ ಅಳತೆ ತರಿಸಿಕೊಂಡು, ತಟ್ಟಿದ ರೊಟ್ಟಿಯ ಮೇಲೆ ಮುಚ್ಚಳವಿಟ್ಟು ನಾಲ್ಕು ಕಡೆ ಚಾಕು ಎಳೆದಳು. ಚೌಕ ರೊಟ್ಟಿ ನೋಡಿ ಅವ್ವ ಒಂದು ಹೊತ್ತು ಮಾತು ಬಿಟ್ಟಳು.

ಆಮೇಲೆ ನಿಜವಾದ ಗಿರಾಕಿ ಬಂದಳು, ಕೆಳಮನೆಯಾಕೆಯ ತಂಗಿ. ಅವಳಿಗೆ ಗೋಧಿ ಆಗುವುದಿಲ್ಲ. ತಿಂದರೆ ಕರುಳಿಗೇ ಪೆಟ್ಟು. ಗೋಧಿಯಲ್ಲಿರುವ ಗ್ಲುಟೆನ್ ಜೋಳದಲ್ಲಿಲ್ಲ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿದಾಗ ಆ ಸಾಲಿನಲ್ಲಿ ಜೋಳವೂ ಇತ್ತು. ನಾನು ಕುರ್ಚಿಯಿಂದ ಎದ್ದೆ. ‘ಗ್ಲುಟೆನ್ ರಹಿತ ನವಲಗುಂದ ರೊಟ್ಟಿ’! ಬೋರ್ಡಿಗೆ ಇನ್ನೊಂದು ಸಾಲು ಬರೆಸಲು ಪೇಂಟರನಿಗೆ ಫೋನ್ ಹಚ್ಚುವುದರೊಳಗೆ ಹೆಂಡತಿ, “ಅಕಿಗೆ ಒಂದು ಚೂರೂ ಕೊಡಬ್ಯಾಡ ಅಂತ ಹೇಳ್ರಿ ಮೊದಲ” ಎಂದಳು. ನಮ್ಮೂರ ಗಿರಣಿಯಲ್ಲಿ ಗೋಧಿ ಬೀಸಿದ ಕಲ್ಲಿಗೇ ಜೋಳ ಸುರಿಯುತ್ತಾರೆ. ಮೊದಲ ಸೇರು ಯಾರ ಪಾಲಿಗೆ ಬರುತ್ತದೋ ಅವರ ಜೋಳದ ಹಿಟ್ಟಿನಲ್ಲಿ ಹಿಂದಿನವರ ಚಪಾತಿ ಇರುತ್ತದೆ. ಯುರೋಪಿನಲ್ಲಿ ಆ ಹೆಸರು ಹಾಕಬೇಕೆಂದರೆ ಕಿಲೋಕ್ಕೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಕೂಡದು ಎಂದು ಮಗಳು ಆಮೇಲೆ ಹುಡುಕಿ ಹೇಳಿದಳು. ಹೆಂಡತಿಗೆ ಮಿಲಿಗ್ರಾಂ ಗೊತ್ತಿರಲಿಲ್ಲ, ಗಿರಣಿಯವನು ಗೊತ್ತಿದ್ದ.

ದಾರಿ ತೋರಿಸಿದವಳು ಅವ್ವ. ಹಿತ್ತಲ ಕೋಣೆಯ ಬೀಸುಕಲ್ಲು. “ನಾ ಬಂದಾಗಿಂದ ಅದಕ್ಕ ಗೋಧಿ ತೋರ್ಸಿಲ್ಲ. ಜ್ವಾಳ ಬಿಟ್ರ ಕಡ್ಲಿ.” ಕಲ್ಲು ತೊಳೆದು, ಒಣಗಿಸಿ, ಮೊದಲ ಬೀಸಿನ ಹಿಟ್ಟನ್ನು ಪ್ರಯೋಗಾಲಯಕ್ಕೆ ಕಳಿಸುವುದೆಂದೂ, ಅಲ್ಲಿಂದ ಸೈ ಎನ್ನುವವರೆಗೆ ತಂಗಿಗೆ ರೊಟ್ಟಿಯಿಲ್ಲ, ಅಕ್ಕನಿಗೆ ಮಾತ್ರ ಎಂದೂ ಹೆಂಡತಿ ತೀರ್ಮಾನಿಸಿದಳು. ಬೀಸುವವರು ಯಾರು? ಅವ್ವನಿಗೆ ಮೊಣಕೈ ನೋವು. ಹೆಂಡತಿಗೆ ಚೌಕ ಕತ್ತರಿಸುವ ಕೆಲಸ. ಬೋರ್ಡಿನ ಯಜಮಾನನ ಕೈ ಖಾಲಿಯಿತ್ತು.

ಈಗ ಮುಂಜಾನೆ ಐದಕ್ಕೆ ನಾನು ಕಾಲು ಚಾಚಿ ಕಲ್ಲಿನ ಮುಂದೆ. ಅವ್ವ ಪಕ್ಕದಲ್ಲಿ ಕುಳಿತು, “ಪದಾ ಹಾಡಪಾ, ಹಿಟ್ಟು ಸಣ್ಣಗ ಬರ್ತೈತಿ” ಎನ್ನುತ್ತಾಳೆ. ನನಗೆ ಬರುವುದು ಪಾಣಿಪತ್ತದ ಯುದ್ಧಗಳ ಇಸವಿಗಳು. ಅವನ್ನೇ ರಾಗವಾಗಿ ಹೇಳುತ್ತೇನೆ. ಹಾಲು ಹಾಕುವ ಹುಡುಗ ನಿಂತು ಕೇಳಿ ಹೋಗುತ್ತಾನೆ.

ಕಲ್ಲಿನಲ್ಲಿ ಬೀಸಿದ ಹಿಟ್ಟು ಎಂದರೆ ಜರ್ಮನಿಯಲ್ಲಿ ಮರ್ಯಾದೆ ಜಾಸ್ತಿಯಂತೆ. ಮಗಳು ವಿಡಿಯೋ ಕೇಳಿದಳು. ಅವ್ವ ನನಗೆ ಒಗೆದ ಧೋತರ ಉಡಿಸಿದಳು, ಹೆಂಡತಿ ಮೊಬೈಲು ಹಿಡಿದಳು, ನಾನು 1526ರಿಂದ 1761ರವರೆಗೆ ಒಂದೇ ಉಸಿರಿನಲ್ಲಿ ಬೀಸಿದೆ. ಮರುದಿನ ಟ್ಯೂಬಿಂಗೆನ್ನಿನಿಂದ ಉತ್ತರ ಬಂತು. ಕೆಳಮನೆಯಾಕೆಗೂ ಅವಳ ಗೆಳತಿಯರಿಗೂ ರೊಟ್ಟಿ ಬೇಕಂತೆ. ಆದರೆ ಅಲ್ಲಿನವರು ಕಾಫಿ, ಚಾಕೊಲೇಟ್ ಕೊಳ್ಳುವಾಗಲೂ ದುಡಿದವನಿಗೆ ನ್ಯಾಯವಾದ ಕೂಲಿ ಸಿಕ್ಕಿದೆಯೋ ಎಂದು ವಿಚಾರಿಸುವ ಜನ. ವಿಡಿಯೋದಲ್ಲಿ ಬೀಸುತ್ತಿರುವ ಆ ಬಡ ಮುದುಕನಿಗೆ ದಿನಕ್ಕೆ ಏನು ಕೊಡುತ್ತೀರಿ ಎಂದು ಕೇಳಿದ್ದಾರೆ.

ನಾನು ಕತ್ತೆತ್ತಿ ಹೆಂಡತಿಯ ಮುಖ ನೋಡಿದೆ. ಅವಳು ಮುಚ್ಚಳ ಕೆಳಗಿಟ್ಟು, ಚಾಕು ಸೆರಗಿಗೆ ಒರೆಸಿಕೊಂಡು, ಫೋನಿನಲ್ಲಿದ್ದ ಮಗಳಿಗೆ ಹೇಳಿದಳು:

“ಎರಡೂ ಹೊತ್ತು ಊಟಾ ಹಾಕ್ತೀವಿ, ಚಾ ಬ್ಯಾರೆ ಅಂತ ಬರಿ.”