ಗೂಡಪ್ಪನ ಗಾಜಿನ ಬಾಗಿಲು

ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಇಂಥವನೊಬ್ಬ ಇದ್ದೇ ಇರುತ್ತಾನೆ. ವಾರವೆಲ್ಲ ಸಾಫ್ಟ್‌ವೇರ್, ಶನಿವಾರ ಬಂತೆಂದರೆ ಬಡಗಿ. ಕಿವಿಗೆ ಪೆನ್ಸಿಲ್, ಸೊಂಟಕ್ಕೆ ಟೇಪು, ಚಡ್ಡಿಯ ಜೇಬಿನಲ್ಲಿ ಗಲಗಲ ಎನ್ನುವ ಸ್ಕ್ರೂ. ಲಿಫ್ಟಿನಲ್ಲಿ ಸಿಕ್ಕಾಗ "ಚೆನ್ನಾಗಿದ್ದೀರಾ?" ಎಂದರೆ "ಹದಿನೆಂಟು ಎಂ.ಎಂ. ಪ್ಲೈ ಸಾಕಾಗುತ್ತೆ ಅಂತೀರಾ?" ಎಂದು ತಿರುಗಿ ಕೇಳುವ ಗಿರಾಕಿ. ನಮ್ಮ ಬ್ಲಾಕಿನವನನ್ನು ಗೂಡಪ್ಪ ಎನ್ನೋಣ. ಅವನು ಕಟ್ಟುತ್ತಿರುವುದು ಸರೀಸೃಪಕ್ಕೊಂದು ಮನೆ. ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ, ಮುಂದುಗಡೆ ಸರಿಯುವ ಗಾಜಿನ ಬಾಗಿಲು ಎರಡು. ಒಳಗೆ ವಾಸಕ್ಕೆ ಯಾರು ಬರುತ್ತಾರೆ ಎನ್ನುವುದು ಮಾತ್ರ ಬಹಳ ದಿನ ತೀರ್ಮಾನವಾಗಲಿಲ್ಲ.

ಮೊದಲು ಬಾಲ್ ಪೈಥಾನ್ ಎಂದ. ಆಫ್ರಿಕಾದ ಹೆಬ್ಬಾವು, ಪಾಪದ ಪ್ರಾಣಿ, ಹೆದರಿದರೆ ಉಂಡೆಯಾಗಿ ಸುತ್ತಿಕೊಳ್ಳುತ್ತದೆ ಎಂದು ವಿವರಿಸಿದ. "ಅದು ಸುತ್ಕೊಳ್ಳಲಿ ಕಣೋ, ನಾನು ಗಂಟುಮೂಟೆ ಕಟ್ಕೊಂಡು ತಮ್ಮನ ಮನೆಗೆ ಹೋಗ್ತೀನಿ" ಎಂದರು ಅವನ ಅಮ್ಮ. ಆಮೇಲೆ ಇಗುವಾನ. ಅದು ಐದಡಿ ದಾಟಿ ಬೆಳೆಯುತ್ತದೆಂದು ತಿಳಿಯುವ ಹೊತ್ತಿಗೆ ಪ್ಲೈ ನಾಲ್ಕಡಿಗೆ ಕೊಯ್ಸಿಯಾಗಿತ್ತು. ಹಲಗೆಯನ್ನು ಬಿಡಲಾದೀತೇ? ಇಗುವಾನವನ್ನೇ ಬಿಟ್ಟ. ನಕ್ಷತ್ರ ಆಮೆಯ ಮಾತೆತ್ತಿದಾಗ ನಾನೇ ತಡೆದೆ: ಅದು 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿರುವ ಪ್ರಾಣಿ, ಮನೆಯಲ್ಲಿ ಸಿಕ್ಕರೆ ಆಮೆ ಹೊರಗೆ, ನೀನು ಒಳಗೆ. ಹೊರದೇಶದ್ದೆಂದರೂ ಬಿಟ್ಟಿಲ್ಲ. ಹೆಬ್ಬಾವು, ಇಗುವಾನದಂಥ, ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯ ಪ್ರಾಣಿ ಸಾಕುವವರು 2024ರ ನಿಯಮದಂತೆ ಸರ್ಕಾರದ ಪರಿವೇಶ್ ಪೋರ್ಟಲಿನಲ್ಲಿ ನೋಂದಾಯಿಸಲೇಬೇಕು.

ಕೊನೆಗೆ ಆಸ್ಟ್ರೇಲಿಯಾ ಮೂಲದ ಬಿಯರ್ಡೆಡ್ ಡ್ರ್ಯಾಗನ್ನಿಗೆ ಬಂದು ನಿಂತ. ಮೊಬೈಲಿನಲ್ಲಿ ಫೋಟೋ ತೋರಿಸಿದ. ಅಮ್ಮ ಕನ್ನಡಕ ಏರಿಸಿ ನೋಡಿ, "ಅಯ್ಯೋ, ಓತಿಕ್ಯಾತ!" ಎಂದರು. ಗೂಡಪ್ಪನಿಗೆ ಮುಖಭಂಗವಾಯಿತು. ಆದರೇನು, ನಮ್ಮ ಬೇಲಿಯ ಮೇಲೆ ಕೂತು ತಲೆ ಕುಣಿಸುವ ಓತಿಕ್ಯಾತವೂ ಆ ಡ್ರ್ಯಾಗನ್ನೂ ಅಗಾಮಿಡೇ ಎಂಬ ಒಂದೇ ಕುಟುಂಬದವು. ಜೀವಶಾಸ್ತ್ರ ಓದದ ಆಕೆ ಗೋತ್ರ ಸರಿಯಾಗಿಯೇ ಹೇಳಿದ್ದರು.

ಇನ್ನು ಲೆಕ್ಕಾಚಾರ. ಪ್ಲೈವುಡ್ ಹಾಳೆ ಬರುವುದು ಎಂಟಡಿಗೆ ನಾಲ್ಕಡಿ. ತಳ, ಸೂರು, ಬೆನ್ನು ಎಂದು ನಾಲ್ಕಕ್ಕೆ ಎರಡಡಿಯ ಮೂರು ತುಂಡು. ಉಳಿದ ನಾಲ್ಕನೆಯದನ್ನು ನಡುವೆ ಕೊಯ್ದರೆ ಎರಡು ಪಕ್ಕ. ಒಂದು ಹಾಳೆಗೆ ಒಂದು ಗೂಡು, ಚೂರೂ ದಂಡವಿಲ್ಲ! ಟಿಂಬರ್ ಯಾರ್ಡ್ ಲೇಔಟಿನ ಅಂಗಡಿಯಲ್ಲಿ ಈ ಲೆಕ್ಕವನ್ನು ಬಾಯಿಪಾಠ ಒಪ್ಪಿಸಿದಾಗ, ಅಂಗಡಿಯಾತ ಟೀ ಲೋಟ ಕೆಳಗಿಟ್ಟು ಕೇಳಿದ್ದು ಒಂದೇ ಪ್ರಶ್ನೆ: "ಗರಗಸ ತಿನ್ನೋದನ್ನ ಎಲ್ಲಿಂದ ಕೊಡ್ತೀರ ಸಾರ್?" ಒಂದೊಂದು ಕೊಯ್ತಕ್ಕೂ ಬ್ಲೇಡು ಎರಡು ಮೂರು ಎಂ.ಎಂ. ಹುಡಿ ಮಾಡುತ್ತದೆ. ಗೂಡಪ್ಪ ಅದನ್ನು ತಿಳಿದವನಂತೆ ನಕ್ಕ. ಮನೆಯಲ್ಲಿ ಜೋಡಿಸಿ ನೋಡಿದರೆ ಗೂಡಿನ ಮುಖ ಒಂದು ಮೂಲೆಗೆ ಎಳೆದುಕೊಂಡಿತ್ತು. ಮರದ ಮಟ್ಟಿಗೆ ಅದು ದೊಡ್ಡ ವಿಷಯವಲ್ಲ, ಸೊಟ್ಟ ಬೀರು ಯಾರ ಮನೆಯಲ್ಲಿಲ್ಲ? ಗಾಜು ಮಾತ್ರ ಸೊಟ್ಟಕ್ಕೆ ಸೊಪ್ಪು ಹಾಕುವುದಿಲ್ಲ.

ಸರಿಯುವ ಬಾಗಿಲಿನ ಮರ್ಮವೆಲ್ಲ ಚಾನೆಲ್ಲಿನಲ್ಲಿದೆ. ಮೇಲಿನದು ಆಳ, ಕೆಳಗಿನದು ಗಿಡ್ಡ. ಗಾಜನ್ನು ಮೊದಲು ಮೇಲಕ್ಕೆ ತೂರಿಸಿ, ಬುಡವನ್ನು ಒಳಗೆ ತಂದು, ನಿಧಾನವಾಗಿ ಕೆಳಗಿನ ಸಂದಿಗೆ ಇಳಿಸಬೇಕು. ಹಳೆಯ ಮನೆಗಳ ಶೋಕೇಸಿನಲ್ಲಿ ಗೊಂಬೆ, ಗಾಜಿನ ಲೋಟ, ಯಾರೂ ಕುಡಿಯದ ಟೀ ಸೆಟ್ಟು ಕಾಯುತ್ತಿದ್ದದ್ದೂ ಇದೇ ಉಪಾಯ. ಹಾಗೆ ಮೇಲಕ್ಕೆತ್ತಲು ಜಾಗ ಬೇಕಲ್ಲ? ಗೂಡಪ್ಪ ಕೆಳಚಾನೆಲ್ಲಿನ ತಳದಿಂದ ಮೇಲುಚಾನೆಲ್ಲಿನ ನೆತ್ತಿಯವರೆಗೆ ಪೂರಾ ಅಳೆದು, ಅಷ್ಟೇ ಎತ್ತರಕ್ಕೆ ಗಾಜು ಮಾಡಿಸಿದ್ದ. ಒಳಗೆ ಹೋಗಲೊಲ್ಲದು. ಅರ್ಧ ಇಂಚು ಕತ್ತರಿಸಿಕೊಡಿ ಎಂದು ಗಾಜಿನಂಗಡಿಗೆ ಹೊತ್ತೊಯ್ದ. ಅವರು ಮೂಲೆಯ ಮುದ್ರೆ ನೋಡಿ ಕೈಮುಗಿದರು. ಗಟ್ಟಿಯಿರಲಿ ಎಂದು ಅವನೇ ಹಟ ಹಿಡಿದು ಮಾಡಿಸಿದ ಟಫನ್ಡ್ ಗಾಜು ಅದು. ಒಮ್ಮೆ ಕಾಯಿಸಿ ಹದಗೊಳಿಸಿದ ಮೇಲೆ ಕೊಯ್ಯಲು ಹೋದರೆ ಇಡೀ ಗಾಜೇ ಪುಡಿಪುಡಿ.

ಹೊಸ ಗಾಜು ಬಂತು, ಸಿಲಿಕೋನ್ ಬಳಿದಾಯಿತು. ಅದು ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ವಿನೆಗರಿನದೇ ವಾಸನೆ. ಅಮ್ಮ ಉಪ್ಪಿನಕಾಯಿ ಜಾಡಿಗಳನ್ನೆಲ್ಲ ತೆರೆದು ಮೂಸಿ ನೋಡಿದರು. ಆಮೇಲೆ ಗೂಡಿನೊಳಗೆ ದೀಪ ಹಾಕಲು ಹೊರಟಾಗ ಮೂರನೇ ಮಹಡಿಯ ಹಿರಿಯರು, "ದೀಪ ಗೀಪ ಯಾಕಪ್ಪ, ಕಿಟಕಿ ಬಿಸಿಲಿಗಿಡು" ಎಂದರು. ಇಲ್ಲಿ ಗೂಡಪ್ಪನ ವಾದ ನೂರಕ್ಕೆ ನೂರು ಸರಿ. ಬಿಸಿಲಿನ ಯುವಿಬಿ ಕಿರಣವನ್ನು ಗಾಜು ತಡೆದುಬಿಡುತ್ತದೆ. ಅದಿಲ್ಲದೆ ಡ್ರ್ಯಾಗನ್ನಿನ ಮೈಯಲ್ಲಿ ಡಿ3 ಹುಟ್ಟದು, ಕ್ಯಾಲ್ಸಿಯಂ ಹಿಡಿಯದು, ಮೂಳೆ ಮೆತ್ತಗಾಗುತ್ತದೆ. ಆದ್ದರಿಂದ ದೀಪ ಒಳಗೇ ಬೇಕು. ಒಂದು ತುದಿ ಸುಮಾರು 40 ಡಿಗ್ರಿ, ಇನ್ನೊಂದು ತುದಿ 25ರ ಆಸುಪಾಸು: ನಾಲ್ಕಡಿಯೊಳಗೆ ಆ ಕಡೆ ರಾಯಚೂರು, ಈ ಕಡೆ ಬೆಂಗಳೂರು.

ಡ್ರ್ಯಾಗನ್ ಬರುವ ಮೊದಲು ಪರೀಕ್ಷೆಯಾಗಲಿ ಎಂದು ಅದರ ಆಹಾರದ ಚಿಮ್ಮಂಡೆಗಳನ್ನು ಒಳಗೆ ಬಿಟ್ಟ. ಎರಡು ಗಾಜು ಒಂದರ ಮೇಲೊಂದು ಬರುವಲ್ಲಿ ಸಣ್ಣ ಸಂದಿ ಉಳಿದಿತ್ತು. ಶೋಕೇಸಿನ ಬೀಗ ಹಾಕಿ ಕೀಲಿಯನ್ನು ಜನಿವಾರಕ್ಕೆ ಕಟ್ಟಿಕೊಂಡು ಮಲಗಿದ. ಬೆಳಗಿನ ಜಾವ ಅಡುಗೆಮನೆಯಲ್ಲಿ ಕಛೇರಿ ಶುರುವಾಯಿತು. ಹೊರಗೆ ಬಾರದ ಚಿಮ್ಮಂಡೆಗಳನ್ನು ನೋಡಿಕೊಳ್ಳಲು, ಹಿಂಬದಿಯ ಗಾಳಿಕಿಂಡಿಯಿಂದ ಒಂದು ಮನೆಹಲ್ಲಿ ಒಳಗೆ ಹೋಗಿ ಠಿಕಾಣಿ ಹೂಡಿತು. ಬಾಡಿಗೆಯಿಲ್ಲ, ನೋಂದಣಿಯಿಲ್ಲ. ಅದು ಲೊಚಗುಟ್ಟಿದಾಗಲೆಲ್ಲ ಅಮ್ಮ "ಕೃಷ್ಣ ಕೃಷ್ಣ" ಎನ್ನುತ್ತಾರೆ. ಮಗನ ಕೆಲಸಕ್ಕೆ ಈವರೆಗೆ ಸಿಕ್ಕ ಶುಭಶಕುನ ಅದೊಂದೇ ಎಂದು ಅವರ ಅಭಿಪ್ರಾಯ.

ಡ್ರ್ಯಾಗನ್ ಇನ್ನೂ ಬಂದಿಲ್ಲ. ಗೂಡು ಐದಡಿ ಇರಬೇಕಿತ್ತು ಎಂದು ಗೂಡಪ್ಪನಿಗೆ ಈಗ ಅನ್ನಿಸಿದೆ, ಹೊಸ ಪ್ಲೈ ಹಾಳೆಗಳು ಲಿಫ್ಟಿನ ಮುಂದೆ ಬಂದು ನಿಂತಿವೆ. ನಾಲ್ಕಡಿಯದು ಮಾರಾಟಕ್ಕಿದೆ. ಬೇಕಾದವರು ಇಬ್ಬರು ಆಳು ಕರೆದುಕೊಂಡು ಬನ್ನಿ, ಗಾಜು ಭಾರ. ಹಲ್ಲಿಯನ್ನು ಮಾತ್ರ ಇಲ್ಲೇ ಬಿಟ್ಟುಹೋಗಬೇಕು, ಅದು ಅಮ್ಮನ ಷರತ್ತು.