ಕೋಡುಗಲ್ಲಿನ ಮೇಲೊಂದು ಕೋಡುಬಳೆ

ನಮ್ಮ ಮುಳ್ಳಯ್ಯನಗಿರಿಯ ಪಕ್ಕ ತಂದು ನಿಲ್ಲಿಸಿದರೆ ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಮೌಂಟ್ ವಾಷಿಂಗ್ಟನ್ ತುಸು ಗಿಡ್ಡವೇ. ಎತ್ತರ 1,917 ಮೀಟರ್. ಆದರೆ ಅದರ ಗತ್ತು ನೋಡಬೇಕು! 1934ರ ಏಪ್ರಿಲ್ 12ರಂದು ಅದರ ನೆತ್ತಿಯ ಮೇಲಿನ ಹವಾಮಾನ ಕೇಂದ್ರದವರು ಗಂಟೆಗೆ 372 ಕಿಲೋಮೀಟರ್ ವೇಗದ ಗಾಳಿಯನ್ನು ಅಳೆದು ಬರೆದಿಟ್ಟರು. ಆರು ದಶಕ ಆ ದಾಖಲೆಯನ್ನು ಯಾರೂ ಅಲ್ಲಾಡಿಸಲಾಗಲಿಲ್ಲ. 1996ರಲ್ಲಿ ಆಸ್ಟ್ರೇಲಿಯಾದ ಬ್ಯಾರೋ ದ್ವೀಪಕ್ಕೆ ಅಪ್ಪಳಿಸಿದ ಚಂಡಮಾರುತ ಅದನ್ನು ಮುರಿಯಿತು. ನ್ಯೂ ಹ್ಯಾಂಪ್‌ಶೈರ್‌ನವರ ಮುಂದೆ ಈ ವಿಷಯ ಎತ್ತಿದರೆ ಮುಖ ಸ್ವಲ್ಪ ಸಪ್ಪಗಾಗುತ್ತದೆ. ಚಂಡಮಾರುತ ಕರೆತಂದು ಗೆಲ್ಲುವುದು ಏನು ಮಹಾ, ನಮ್ಮದು ಮನೆಗಾಳಿ ಎಂಬ ಧಾಟಿ ಅವರದು.

ಈ ಗಾಳಿಗೆ ಕಾರಣವೂ ಇದೆ. ಹಲವು ದಿಕ್ಕಿನ ಬಿರುಗಾಳಿಗಳ ದಾರಿಗಳು ಈ ಮೂಲೆಯಲ್ಲಿ ಬಂದು ಕೂಡುತ್ತವೆ. ಅಡ್ಡ ಮಲಗಿದ ಬೆಟ್ಟಸಾಲನ್ನು ಹತ್ತಿ ದಾಟುವಾಗ ಗಾಳಿ ಇಕ್ಕಟ್ಟಿಗೆ ಸಿಕ್ಕಿ, ಹಿಂದಿನವರು ತಳ್ಳಿದಂತೆ ಮುಂದಕ್ಕೆ ನುಗ್ಗುತ್ತದೆ. ವಾಷಿಂಗ್ಟನ್ನಿಗೇ ಒಬ್ಬನೇ ಹೋಗುವ ಎದೆ ನನಗಿಲ್ಲ. ಅದರ ದಕ್ಷಿಣಕ್ಕೆ ಸಾಲಾಗಿ ನಿಂತ ಪಿಯರ್ಸ್ ಮತ್ತು ಐಸೆನ್‌ಹೋವರ್ ನನ್ನ ಅಳತೆಯ ಶಿಖರಗಳು. ಸಾಲಿಗೆ ಅಧ್ಯಕ್ಷರ ಹೆಸರುಗಳಿವೆ ಅಂತ ಎಲ್ಲವನ್ನೂ ನಂಬಬಾರದು. ಅಲ್ಲೇ ಇರುವ ಮೌಂಟ್ ಜಾಕ್ಸನ್ ಅಧ್ಯಕ್ಷ ಜಾಕ್ಸನ್ನನದಲ್ಲ, ಚಾರ್ಲ್ಸ್ ಜಾಕ್ಸನ್ ಎಂಬ ಭೂವಿಜ್ಞಾನಿಯದು. ಪಿಯರ್ಸ್ ಶಿಖರ ಮೊದಲು ಕ್ಲಿಂಟನ್ ಆಗಿತ್ತು. ನ್ಯೂ ಹ್ಯಾಂಪ್‌ಶೈರ್ ಕೊಟ್ಟ ಒಬ್ಬನೇ ಅಧ್ಯಕ್ಷ ಫ್ರಾಂಕ್ಲಿನ್ ಪಿಯರ್ಸ್. ಅವನ ಹೆಸರಿಗೊಂದು ಬೆಟ್ಟವಿಲ್ಲದಿದ್ದರೆ ಹೇಗೆ ಎಂದು 1913ರಲ್ಲಿ ಶಾಸನಸಭೆ ಹೆಸರು ಬದಲಿಸಿತು. ಬುಡದ ರಸ್ತೆಗೆ ಮಾತ್ರ ಸುದ್ದಿ ಮುಟ್ಟಲಿಲ್ಲ. ಅದು ಇಂದಿಗೂ ಮೌಂಟ್ ಕ್ಲಿಂಟನ್ ರಸ್ತೆ. ಕಾರು ನಿಲ್ಲಿಸುವುದು ಅಲ್ಲೇ.

ಹೊರಡುವ ಹಿಂದಿನ ರಾತ್ರಿ ಮನೆಯಲ್ಲಿ ವಿಚಾರಣೆ ನಡೆಯುತ್ತದೆ. ಈ ರಾಜ್ಯದಲ್ಲಿ 25 ಡಾಲರ್ ಕೊಟ್ಟರೆ ಒಂದು ಕಾರ್ಡು ಸಿಗುತ್ತದೆ. ಬೆಟ್ಟದಲ್ಲಿ ಸಿಕ್ಕಿಬಿದ್ದರೆ, ತೀರಾ ಹುಚ್ಚುಸಾಹಸ ಮಾಡಿರದಿದ್ದರೆ, ಹುಡುಕಿ ಹೊತ್ತು ತರುವ ಖರ್ಚನ್ನು ನಮ್ಮಿಂದ ವಸೂಲಿ ಮಾಡುವುದಿಲ್ಲ.

"ಒಬ್ಬರೇ ಹೋಗೋದು ಹುಚ್ಚುಸಾಹಸದ ಲೆಕ್ಕಕ್ಕೆ ಬರಲ್ವೇನ್ರೀ?" ಎಂದಳು ಹೆಂಡತಿ.

ಕಾರ್ಡಿನಲ್ಲಿ ಅದರ ವಿವರಣೆ ಇಲ್ಲ ಎಂದೆ. ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ಸು ಎಂಬುದನ್ನು ಚೀಟಿಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದೆ. ಅವಳು ಅದರ ಕೆಳಗೆ "ತಡವಾದರೆ ಯಾರಿಗೆ ಫೋನ್?" ಎಂದು ಸೇರಿಸಿದಳು.

ಹತ್ತುವುದು ಕ್ರಾಫರ್ಡ್ ಪಾತ್ ಎಂಬ ಹಾದಿಯಲ್ಲಿ. 1819ರಲ್ಲಿ ಏಬಲ್ ಕ್ರಾಫರ್ಡ್ ಮತ್ತು ಮಗ ಈಥನ್ ಇದನ್ನು ಕಡಿದರು. ಅಂದಿನಿಂದ ಜನ ನಡೆಯುತ್ತಲೇ ಇದ್ದಾರೆ. ಕಾಲಿಗೆ ಸ್ನೋಶೂ, ಅಂದರೆ ಹಿಮದಲ್ಲಿ ಹೂಳದಂತೆ ಬೂಟಿನಡಿಗೆ ಕಟ್ಟುವ ಅಗಲದ ಮೆಟ್ಟು. ಹಿಂದೆ ಇಲ್ಲಿನ ಮೂಲನಿವಾಸಿಗಳು ಆ್ಯಶ್ ಮರದ ಕಟ್ಟಿಗೆ ಹಸಿ ಚರ್ಮದ ಬಾರು ಹೆಣೆದು ಮಾಡುತ್ತಿದ್ದರು. ಈಗಿನದು ಪ್ಲಾಸ್ಟಿಕ್ಕು, ಅಡಿಯಲ್ಲಿ ಕಬ್ಬಿಣದ ಹಲ್ಲು. ಕಡಿದಾದ ಏರಿನಲ್ಲಿ ಹಿಮ್ಮಡಿಯ ಕೆಳಗೆ ಎತ್ತಿ ನಿಲ್ಲಿಸಲು ಒಂದು ತಂತಿ ಇರುತ್ತದೆ. ಎತ್ತಿದರೆ ಮೀನಖಂಡದ ಅರ್ಧ ದೂರು ಇಳಿಯುತ್ತದೆ. ಸ್ನೋಶೂ ಇಲ್ಲದೆ ಬೂಟಿನಲ್ಲೇ ನಡೆದವರು ಮಂಡಿಯವರೆಗೆ ಹೂತು ಹಾದಿ ತುಂಬ ಗುಂಡಿ ತೋಡಿ ಹೋಗುತ್ತಾರೆ. ರಾತ್ರಿ ಅವು ಗಟ್ಟಿಯಾಗಿ, ಮರುದಿನ ಬಂದವರ ಕಾಲು ಉಳುಕಿಸುತ್ತವೆ. ನ್ಯೂಯಾರ್ಕ್ ರಾಜ್ಯದ ಆಡಿರಾಂಡಾಕ್ ಹೈಪೀಕ್ಸ್‌ನಲ್ಲಿ 8 ಇಂಚು ಅಥವಾ ಹೆಚ್ಚು ಹಿಮವಿದ್ದರೆ ಸ್ನೋಶೂ ಅಥವಾ ಸ್ಕೀ ಕಡ್ಡಾಯ. ಇಲ್ಲಿ ಕಾನೂನಿಲ್ಲ, ದುರುಗುಟ್ಟಿ ನೋಡುವುದಷ್ಟೇ.

ಇನ್ನು ಇಲ್ಲಿನ 4,000 ಅಡಿ ದಾಟಿದ 48 ಶಿಖರಗಳನ್ನೂ ಚಳಿಗಾಲದಲ್ಲೇ ಹತ್ತಿ ಪಟ್ಟಿ ಮುಗಿಸುವವರಿದ್ದಾರೆ. ಡಿಸೆಂಬರಿನಲ್ಲಿ ಚಳಿಗಾಲ ಹುಟ್ಟುವ ನಿಮಿಷಕ್ಕೆ ಮೊದಲೇ ಹೆಜ್ಜೆ ಇಟ್ಟರೆ ಲೆಕ್ಕಕ್ಕಿಲ್ಲ. ಗಡಿಯಾರ ನೋಡುತ್ತಾ ಹಾದಿಯ ಬಾಯಲ್ಲಿ ನಿಂತವರನ್ನು ಕಂಡರೆ, ಪುಣ್ಯಕಾಲಕ್ಕೆ ಕಾದು ಹೊಳೆದಂಡೆಯಲ್ಲಿ ನಿಂತ ನಮ್ಮ ಭಾವಂದಿರೇ ಕಣ್ಣಿಗೆ ಕಟ್ಟುತ್ತಾರೆ.

ಹಿಮದ ಬೆಟ್ಟ ಎಂದರೆ ಭವ್ಯತೆ, ಮೌನ, ಧ್ಯಾನ ಎಂದೆಲ್ಲ ಬರೆಯುತ್ತಾರೆ. ನನ್ನ ದಿನ ಕಳೆಯುವುದು ಬಟ್ಟೆ ಬಿಚ್ಚುವುದರಲ್ಲಿ, ಹಾಕುವುದರಲ್ಲಿ. ಹೊರಡುವಾಗ ನಡುಗುತ್ತಲೇ ಹೊರಡಬೇಕು. ಬೆಚ್ಚಗೆ ಹೊದ್ದು ಹೊರಟರೆ ಏರಿನಲ್ಲಿ ಬೆವರಿ, ಮೇಲೆ ಹೋದಾಗ ಆ ಬೆವರೇ ಶತ್ರು. ಹತ್ತಿ ಬಟ್ಟೆ ನಿಷಿದ್ಧ, ಒದ್ದೆಯಾದರೆ ಒಣಗುವುದಿಲ್ಲ. ಟೋಪಿ ತೆಗೆ, ಜಿಪ್ ಇಳಿಸು, ಕೈಗವಸು ಕಳಚು, ಮತ್ತೆ ಏರಿಸು. ನೀರಿನ ಬಾಟಲಿಯನ್ನು ಚೀಲದಲ್ಲಿ ತಲೆಕೆಳಗಾಗಿ ಇಡಬೇಕು. ನೀರು ಮೇಲಿಂದ ಹೆಪ್ಪುಗಟ್ಟುವುದರಿಂದ ಹಾಗಿಟ್ಟರೆ ಬಾಯಿ ತೆರೆದಿರುತ್ತದೆ. ಜೊತೆಗಾರರಿದ್ದರೆ ಒಬ್ಬರ ಮೂಗು ಚಳಿಗೆ ಮರಗಟ್ಟಿ ಬಿಳಿಚಿದ್ದನ್ನು ಇನ್ನೊಬ್ಬರು ನೋಡಿ ಹೇಳುತ್ತಾರೆ. ಒಬ್ಬನೇ ಬಂದವನು ಒಳಜೇಬಿನಿಂದ ಫೋನ್ ತೆಗೆದು ಸೆಲ್ಫಿ ಕ್ಯಾಮೆರಾದಲ್ಲಿ ತನ್ನ ಮೂಗನ್ನು ತಾನೇ ತಪಾಸಣೆ ಮಾಡಿಕೊಳ್ಳಬೇಕು. ಸೆಲ್ಫಿಯಿಂದ ಲೋಕಕ್ಕೆ ಆದ ಉಪಕಾರ ಇದೊಂದೇ ಇರಬೇಕು.

ಪಿಯರ್ಸ್ ನೆತ್ತಿಯ ಬಳಿ ಮರಗಳು ಮೊದಲು ಮಂಡಿಯೆತ್ತರಕ್ಕೆ ಕುಗ್ಗಿ, ಆಮೇಲೆ ಇಲ್ಲವೇ ಆಗುತ್ತವೆ. ಹಿಮದಲ್ಲಿ ಹೂತ ಫರ್ ಗಿಡದ ಸುತ್ತ ಟೊಳ್ಳಿರುತ್ತದೆ. ಹಾದಿ ಬಿಟ್ಟು ಒಂದು ಹೆಜ್ಜೆ ಇಟ್ಟರೆ ಸೊಂಟದವರೆಗೆ ಒಳಗೆ, ಸ್ನೋಶೂ ಕೊಂಬೆಗೆ ಸಿಕ್ಕಿಕೊಂಡು ಹೊರಬರುವುದಿಲ್ಲ. ಹಾಗಾಗಿ ಕಲ್ಲುಗುಪ್ಪೆಯಿಂದ ಕಲ್ಲುಗುಪ್ಪೆಗೆ ಕಣ್ಣಿಟ್ಟು ನಡೆಯಬೇಕು. ಅಂದು ಮೈನಸ್ 18 ಡಿಗ್ರಿ, ಮೇಲೆ 64 ಕಿಲೋಮೀಟರ್ ಗಾಳಿ ಎಂದು ಮುನ್ಸೂಚನೆ ಇತ್ತು. ಬರಿ ಚರ್ಮಕ್ಕೆ ಅದು ಮೈನಸ್ 34. ಮರಗಳ ಮರೆ ತಪ್ಪಿದ್ದೇ ತಡ, ಗಾಳಿ ಎಡಗಡೆಯಿಂದ ಬಂದು ಒರಗಿತು. ನಾನೂ ಅದಕ್ಕೆ ಒರಗಿ ನಡೆದೆ. ಕಷ್ಟ ಅದು ಬೀಸಿದಾಗ ಅಲ್ಲ, ನಡುವೆ ತಟಕ್ಕನೆ ನಿಂತಾಗ. ಒರಗಿದವನು ಎಡಕ್ಕೆ ಮುಗ್ಗರಿಸುತ್ತಾನೆ, ಯಾರೂ ನೋಡಲಿಲ್ಲವಲ್ಲ ಎಂದು ಸುತ್ತ ನೋಡುತ್ತಾನೆ. ಜೋರಾಗಿ ಏನೋ ಹಾಡಿಕೊಂಡೆ. ನನ್ನ ಕಿವಿಗೇ ಕೇಳಿಸಲಿಲ್ಲ. ಶ್ರುತಿಯ ಚಿಂತೆಯಿಲ್ಲದೆ ಹಾಡಲು ಇದಕ್ಕಿಂತ ಪ್ರಶಸ್ತವಾದ ಸ್ಥಳ ಸಿಕ್ಕಲಿಕ್ಕಿಲ್ಲ.

ಐಸೆನ್‌ಹೋವರ್ ನೆತ್ತಿಯಲ್ಲಿ ಆಳೆತ್ತರದ ಕಲ್ಲುಗುಪ್ಪೆ ಇದೆ. ಅದರ ಮರೆಗೆ ಮುದುರಿ ಕೂತು ಊಟದ ಗಂಟು ಬಿಚ್ಚಿದೆ. ಚಾಕೊಲೇಟ್ ಹಲ್ಲಿಗೆ ಸವಾಲು ಹಾಕಿತು. ಸ್ಯಾಂಡ್‌ವಿಚ್ಚಿನೊಳಗಿನ ಟೊಮೆಟೊ ಬಿಲ್ಲೆಬಿಲ್ಲೆಯಾಗಿ ಗಾಜಾಗಿತ್ತು. ಕೋಡುಬಳೆ ಮಾತ್ರ ಡಬ್ಬಿಯಿಂದ ತೆಗೆದ ಹಾಗೇ ಇತ್ತು. ನೀರಿನ ಪಸೆಯೇ ಇಲ್ಲದ ಮೇಲೆ ಹೆಪ್ಪುಗಟ್ಟುವುದಕ್ಕೆ ಏನಿದೆ? ಬಳೆಯಾಕಾರ ಇರುವುದರಿಂದ ದಪ್ಪ ಕೈಗವಸಿನ ಬೆರಳಿಗೇ ತೂರಿಸಿಕೊಂಡು ಕಚ್ಚಬಹುದು. ಪರ್ವತಾರೋಹಿಗಳ ಆಹಾರ ಎಂದು ಅಂಗಡಿಗಳಲ್ಲಿ ದುಬಾರಿಗೆ ಮಾರುವ ಯಾವ ಪೊಟ್ಟಣಕ್ಕೂ ಈ ಯೋಗ್ಯತೆ ಇಲ್ಲ. ಎದುರಿಗೆ ವಾಷಿಂಗ್ಟನ್ ಬಿಳಿ ಮೋಡ ಎಳೆದುಕೊಂಡು ಕೂತಿತ್ತು. ನೋಟವನ್ನು ಐದು ನಿಮಿಷ ಸವಿಯುವಷ್ಟರಲ್ಲಿ ಬೆರಳುಗಳು ಏಳು ಏಳು ಎಂದವು.

ಇಳಿದು ಮರಗಳ ಮರೆಗೆ ಬಂದಾಗ ಕೆನಡಾ ಜೇ ಹಕ್ಕಿಯೊಂದು, ಬೂದುಬಣ್ಣದ್ದು, ಪರಿಚಯದವರ ಹಾಗೆ ನನ್ನ ಕೋಲಿನ ತುದಿಗೆ ಬಂದು ಕೂತಿತು. ಕತ್ತು ಓರೆ ಮಾಡಿ ನನ್ನ ಕೈ ನೋಡಿತು. ಕೊಡಲೋ ಬೇಡವೋ ಎನ್ನುವಷ್ಟರಲ್ಲಿ ಅರ್ಧ ಕೋಡುಬಳೆ ಅದರ ಕೊಕ್ಕಿನಲ್ಲಿತ್ತು. ಸಿಕ್ಕಿದ ತಿಂಡಿಗೆ ಅಂಟುಜೊಲ್ಲು ಮೆತ್ತಿ ಮರದ ತೊಗಟೆಗೆ ಅಂಟಿಸಿಟ್ಟು ಚಳಿಗಾಲ ತಳ್ಳುವ ಜಾಣಹಕ್ಕಿ ಇದು. ಖಾರದ ಚಿಂತೆ ನನಗೆ ಹತ್ತಲಿಲ್ಲ. ಮೆಣಸಿನಕಾಯಿಯ ಖಾರ ಹಕ್ಕಿಗಳಿಗೆ ತಾಗುವುದೇ ಇಲ್ಲ.

ಅರ್ಧ ಹಾದಿಯಲ್ಲಿ ವಯಸ್ಸಾದ ದಂಪತಿ ಎದುರಾದರು. "ಮೇಲೆ ಹೇಗಿದೆ?" ಎಂದರು.

ಈ ಸೀಮೆಯಲ್ಲಿ ಏನನ್ನೂ ಹೆಚ್ಚಿಸಿ ಹೇಳುವ ಪದ್ಧತಿ ಇಲ್ಲ. "ಸ್ವಲ್ಪ ಗಾಳಿ ಇದೆ," ಎಂದೆ.

ಆಕೆ ನನ್ನ ಮೀಸೆಯಲ್ಲಿ ನೇತಾಡುತ್ತಿದ್ದ ಮಂಜುಗಡ್ಡೆಯನ್ನು ನೋಡಿದರು, ಗಂಡನನ್ನು ನೋಡಿದರು. ಇಬ್ಬರೂ ಮಾತಿಲ್ಲದೆ ಸ್ನೋಶೂ ತಿರುಗಿಸಿದರು. ಕಾರಿನ ತನಕ ನನ್ನ ಜೊತೆಗೇ ಬಂದರು, ದಾರಿಯುದ್ದಕ್ಕೂ ಅವರವರ ಮಂಡಿ ಆಪರೇಷನ್ನಿನ ಕಥೆ ಹೇಳುತ್ತ.