ನಂಗೊಂದೇ ಮಾತ್ರಿ, ಕಾಣಿ

ಕುಂದಾಪುರದ ಕಡೆ ಮದುವೆ ಊಟದ ಪಂಕ್ತಿಯಲ್ಲಿ ಅರವತ್ತು ದಾಟಿದವರ ಪಕ್ಕ ಕೂತರೆ, ಪಲ್ಯ ಬರುವ ಮೊದಲೇ ಬಿಪಿ ಮಾತ್ರೆಯ ಲೆಕ್ಕ ಬರುತ್ತದೆ. ಬ್ರಹ್ಮಾವರದ ಭಾವನದ್ದು ಮೂರು. ಬೈಂದೂರಿನ ಅತ್ತೆಯದ್ದು ಎರಡೂವರೆ. ಮುರಿಯುವಾಗ ಹಾರಿದ ಅರ್ಧವನ್ನು ಮಂಚದಡಿ ಹುಡುಕುವುದೇ ಅವರ ಬೆಳಗಿನ ವ್ಯಾಯಾಮ. ಇವರ ನಡುವೆ ಮಾವಯ್ಯ ಬಾಳೆಲೆಗೆ ನೀರು ಚಿಮುಕಿಸುತ್ತಾ, "ನಂಗೊಂದೇ ಮಾತ್ರಿ, ಕಾಣಿ" ಎನ್ನುತ್ತಾರೆ. ಆ ಧೈರ್ಯದ ಮೇಲೆ ಉಪ್ಪಿನಕಾಯಿ ಎರಡನೇ ಸಲ ಬೀಳುತ್ತದೆ.

ಅವರ ಮಾತ್ರೆಯ ಹಾಳೆ ತಿರುಗಿಸಿ ನೋಡಿದರೆ ಹೆಸರು ಎರಡು: ಟೆಲ್ಮಿಸಾರ್ಟನ್ 40, ಅಮ್ಲೋಡಿಪಿನ್ 5. ಮಾತ್ರೆಗೂ ಎರಡು ಪದರ, ಎರಡು ಬಣ್ಣ. ಇದನ್ನು ಅವರಿಗೆ ಹೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇಲ್ಲ. ಹೇಳಿದರೆ ಬಿಪಿ ಏರೀತು.

ಒಂದೇ ಮದ್ದನ್ನು ದುಪ್ಪಟ್ಟು ಕೊಟ್ಟರೆ ಸಾಲದೇ ಎಂದು ಕೇಳುವವರುಂಟು. ಯಕ್ಷಗಾನದ ಆಟದಲ್ಲಿ ಚಂಡೆಯನ್ನೇ ಇಮ್ಮಡಿ ಬಡಿದರೆ ಆಟ ರಂಗೇರುವುದಿಲ್ಲ, ಕಿವಿ ಹೋಗುತ್ತದೆ, ಮದ್ದಳೆ ಕೂಡಬೇಕು. 2009ರಲ್ಲಿ 42 ಪ್ರಯೋಗಗಳನ್ನು ಒಟ್ಟಿಗಿಟ್ಟು ತೂಗಿದವರಿಗೆ ಕಂಡದ್ದೂ ಹೀಗೇ: ಇಮ್ಮಡಿ ಮಾಡುವುದಕ್ಕಿಂತ ಬೇರೆ ಬಗೆಯದೊಂದನ್ನು ಸೇರಿಸಿದರೆ ಸಿಗುವ ಹೆಚ್ಚುವರಿ ಇಳಿತ ಸುಮಾರು ಐದು ಪಟ್ಟು. ಒಂದರ ಉಪದ್ರವನ್ನು ಇನ್ನೊಂದು ಸಂಭಾಳಿಸುವುದೂ ಉಂಟು. ಅಮ್ಲೋಡಿಪಿನ್ ರಕ್ತ ತರುವ ಸಣ್ಣ ನಾಳಗಳನ್ನು ಹಿಗ್ಗಿಸುತ್ತದೆ, ವಾಪಸು ಒಯ್ಯುವವು ಅಷ್ಟು ಹಿಗ್ಗುವುದಿಲ್ಲ. ನೀರು ಹೊರಗೆ ಜಿನುಗಿ ಕಾಲಗಂಟು ಊದುತ್ತದೆ, ಚಪ್ಪಲಿಯ ಬಾರು ಚರ್ಮದಲ್ಲಿ ಅಚ್ಚೊತ್ತುತ್ತದೆ. ಟೆಲ್ಮಿಸಾರ್ಟನ್ ಆ ವಾಪಸಾತಿಯ ದಾರಿಯನ್ನೂ ಸಡಿಲಿಸುವುದರಿಂದ ಊತ ಕಡಿಮೆ.

ಭಾವನ ಮೂರನೆಯದು ಮೂತ್ರ ಹೋಗಿಸುವ ಮಾತ್ರೆ. ಅದನ್ನು ನುಂಗಿ ಬೈಂದೂರಿನ ಬಸ್ಸು ಹತ್ತಿದ ದಿನ, ಸಾಲಿಗ್ರಾಮದ ಗುರುನರಸಿಂಹನಿಂದ ಆನೆಗುಡ್ಡೆಯ ವಿನಾಯಕನವರೆಗೆ ದಾರಿಯ ದೇವರಿಗೆಲ್ಲ ಹರಕೆ ಹೊತ್ತರಂತೆ.

ಹಲವು ಮದ್ದು ಒಂದೇ ಮಾತ್ರೆಯಲ್ಲಿ ಕೂಡಿದ್ದು ಈಗಿನ ಸಂಗತಿಯಲ್ಲ. ಬೊಂಬಾಯಿಯ ಹೋಟೆಲುಗಳಲ್ಲಿ ಗಲ್ಲೆಯ ಮೇಲೆ ಕೂತು ಸವೆದ ನಮ್ಮ ಅಜ್ಜಂದಿರ ಕಾಲದ ಬಿಪಿ ಮಾತ್ರೆ ಅಡೆಲ್ಫೇನ್ ಎಸಿಡ್ರೆಕ್ಸ್‌ನಲ್ಲೂ ಇದ್ದದ್ದು ಮೂರು ಮದ್ದು; ಅದರಲ್ಲೊಂದು ಸರ್ಪಗಂಧದ ಬೇರಿನ ರಿಸರ್ಪಿನ್. ಆ ಬೇರು ಬಿಪಿ ಇಳಿಸುತ್ತದೆಂದು 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಬರೆದವರೂ ಬೊಂಬಾಯಿಯ ಡಾಕ್ಟರೇ, ರುಸ್ತುಂ ಜಾಲ್ ವಕೀಲ್. ವಿಶ್ವ ಆರೋಗ್ಯ ಸಂಸ್ಥೆ ಬಿಪಿಯ ಜೋಡಿ ಮಾತ್ರೆಗಳನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದ್ದು 2019ರಲ್ಲಿ. ಅಜ್ಜಂದಿರು ಅಷ್ಟು ಕಾಯಲಿಲ್ಲ.

ನಮ್ಮ ಕಡೆ ಇನ್ನೊಂದು ಕಷ್ಟ, ಮಳೆ. ಟೆಲ್ಮಿಸಾರ್ಟನ್ ಗಾಳಿಯ ತೇವ ಹೀರುವ ಜಾತಿಯದ್ದು. ನುಂಗುವ ಹೊತ್ತಿಗಷ್ಟೇ ಹಾಳೆಯಿಂದ ಬಿಡಿಸಬೇಕು. ಬೈಂದೂರಿನ ಆಷಾಢದಲ್ಲಿ ಹಪ್ಪಳವೇ ನಿಲ್ಲದು, ಬಿಡಿಸಿಟ್ಟ ಮಾತ್ರೆ ನಿಂತೀತೇ? ಅತ್ತೆಗೆ ಅಮೆರಿಕದ ಮೊಮ್ಮಗ ವಾರದ ಹೆಸರು ಬರೆದ ಏಳು ಖಾನೆಯ ಡಬ್ಬಿ ತಂದುಕೊಟ್ಟಿದ್ದ. ಬುಧವಾರ ತೆರೆದರೆ ಶುಕ್ರವಾರದ್ದು ಮೆತ್ತಗಾಗಿ ತಳಕ್ಕೆ ಅಂಟಿತ್ತು. ಡಾಕ್ಟರು ಬೈದರು. ಈಗ ಸೋಮವಾರದಲ್ಲಿ ಸಾಸಿವೆ, ಮಂಗಳವಾರದಲ್ಲಿ ಜೀರಿಗೆ, ಬುಧವಾರದಲ್ಲಿ ಮೆಂತೆ. ಇಂಗು ಬೇಕಾದರೆ ಭಾನುವಾರ ತೆರೆಯಬೇಕು.